ಕೀಲಿಕೈ ಕೈಗೆ ಬರುವ ಮುನ್ನ

ಬಾಡಿಗೆಯ ಎತ್ತು ತಂದು ಬಿತ್ತನೆ ಮಾಡಿದ ರೈತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಎತ್ತನ್ನು ಗೂಟದಿಂದ ಬಿಚ್ಚುವ ಮುನ್ನವೇ ಅದರ ಕಾಲು, ಗೊರಸು, ಹೆಗಲುಗಳನ್ನು ಒಡೆಯನ ಎದುರಿನಲ್ಲಿ ನೋಡಿಕೊಂಡುಬಿಡಬೇಕು. ಹಾಗೆ ನೋಡದೆ ಹೊಡೆದುಕೊಂಡು ಹೋಗಿ, ಸಂಜೆ ತಂದು ಕಟ್ಟುವಾಗ ‘ಈ ಕುಂಟು ಬೆಳಿಗ್ಗೆ ಇರಲಿಲ್ಲವಲ್ಲ’ ಎಂದು ಒಡೆಯ ಕೇಳಿದರೆ ಉತ್ತರ ಕೊಡುವವರು ಯಾರು? ಕುಂಟು ಮೊದಲೇ ಇದ್ದಿರಬಹುದು. ಆದರೆ ಆ ಮಾತನ್ನು ಬೆಳಿಗ್ಗೆ ಆಡಬೇಕಾಗಿತ್ತು. ಸಂಜೆ ಆಡಿದರೆ ಅದಕ್ಕೆ ಬೆಲೆಯಿಲ್ಲ.

ವಿದೇಶದ ವಿಮಾನ ನಿಲ್ದಾಣದಲ್ಲಿ ಇಳಿದು ಮೋಟಾರನ್ನು ಬಾಡಿಗೆಗೆ ಹಿಡಿಯುವ ವ್ಯವಹಾರದ ತಿರುಳೂ ಇಷ್ಟೆಯೇ. ಈಚಿನ ವರ್ಷಗಳಲ್ಲಿ ನಮ್ಮ ಊರುಗಳಿಂದ ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಹೊರದೇಶಗಳಿಗೆ ಹೋಗಿ ಬರುವವರು ಹೆಚ್ಚಿದ್ದಾರೆ. ಅವರಲ್ಲಿ ಸ್ವಂತ ಕಾರು ನಡೆಸಿ ಅಭ್ಯಾಸವಿರುವವರು, ಅಲ್ಲಿಯೂ ಒಂದು ಕಾರು ಹಿಡಿದು ನಾಲ್ಕು ಸ್ಥಳಗಳನ್ನು ನೋಡಿಬರೋಣವೆಂದು ಆಸೆಪಡುವುದು ಸಹಜ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕೀಲಿಕೈ ಕೈಗೆ ಬರುವ ಮುನ್ನ ಮಾಡಬೇಕಾದ ಕೆಲಸಗಳು ಕೆಲವಿವೆ. ಅವುಗಳನ್ನು ಬಿಟ್ಟವರಿಗೆ ಹಣ ಹೋಗುತ್ತದೆ, ಮನಸ್ಸು ಕೆಡುತ್ತದೆ. ಒಮ್ಮೊಮ್ಮೆ ಪ್ರಾಣಕ್ಕೂ ಕುತ್ತು ಬರುತ್ತದೆ.

ಮಾತು ಸ್ಪಷ್ಟವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ನಿವೃತ್ತರಾದ ಮಾಸ್ತರರೊಬ್ಬರು ಇದ್ದಾರೆನ್ನಿ. ಮಗಳು ಅಳಿಯ ದುಬೈನಲ್ಲಿ ನೌಕರಿಯಲ್ಲಿದ್ದಾರೆ. ಮೂರು ವರ್ಷದ ಮೊಮ್ಮಗನಿದ್ದಾನೆ. ಅಳಿಯನ ಕಾರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ‘ಒಂದು ವಾರದ ಮಟ್ಟಿಗೆ ನಾನೇ ಒಂದು ಗಾಡಿ ಹಿಡಿದರೆ ಆಯಿತು, ನೆಲೋಗಿಯಿಂದ ಕಟ್ಟಿಸಂಗಾವಿಯ ಸೇತುವೆ ದಾಟಿ ಕಲಬುರಗಿಗೆ ಎಷ್ಟು ಸಲ ಹೊಡೆದಿಲ್ಲ?’ ಎಂದು ಮಾಸ್ತರರ ಯೋಚನೆ. ಇವರ ಜೊತೆಯಲ್ಲಿ ನಾವೂ ಹೆಜ್ಜೆಯಿಟ್ಟು ನೋಡೋಣ.

ಮೊದಲು ಈ ವ್ಯಾಪಾರದ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. 1918ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ವಾಲ್ಟರ್ ಜೇಕಬ್ಸ್ ಎಂಬ ಯುವಕ ಹನ್ನೆರಡು ಫೋರ್ಡ್ ಮೋಟಾರುಗಳನ್ನಿಟ್ಟುಕೊಂಡು ಬಾಡಿಗೆಗೆ ಕೊಡತೊಡಗಿದ. ಆ ಅಂಗಡಿಯನ್ನು 1923ರಲ್ಲಿ ಜಾನ್ ಹರ್ಟ್ಸ್ ಎಂಬುವರು ಕೊಂಡರು. ಇಂದಿನ ಹರ್ಟ್ಸ್ ಕಂಪನಿಯ ಹೆಸರು ಅವರದೇ. ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದ ವಾರೆನ್ ಏವಿಸ್ ಎಂಬುವರು 1946ರಲ್ಲಿ ಡೆಟ್ರಾಯಿಟ್ ಬಳಿಯ ವಿಲೋ ರನ್ ವಿಮಾನ ನಿಲ್ದಾಣದಲ್ಲೇ ಬಾಡಿಗೆ ಮೋಟಾರಿನ ವ್ಯವಹಾರ ಆರಂಭಿಸಿದರು. ವಿಮಾನದಿಂದ ಇಳಿದವನಿಗೆ ಮುಂದಿನ ದಾರಿಗೆ ಏನು ಗತಿ ಎಂಬ ಪ್ರಶ್ನೆಗೆ ಅದು ಉತ್ತರವಾಯಿತು. ಇಂದು ಪ್ರಪಂಚದ ದೊಡ್ಡ ನಿಲ್ದಾಣಗಳಲ್ಲೆಲ್ಲ ಸಾಮಾನು ಪಡೆದು ಹೊರಗೆ ಬರುವ ಬಾಗಿಲಿನಲ್ಲಿ ಈ ಕಂಪನಿಗಳ ಕಟ್ಟೆಗಳು ಸಾಲಾಗಿ ಇರುತ್ತವೆ.

ಈಗ ನಮ್ಮ ಮಾಸ್ತರರ ಮೊದಲನೆಯ ಕೆಲಸ. ಅದು ದುಬೈನಲ್ಲಿ ಅಲ್ಲ, ಕಲಬುರಗಿಯಲ್ಲಿ ಆಗಬೇಕಾದದ್ದು. ನಮ್ಮ ದೇಶದ ಲೈಸೆನ್ಸಿನ ಜೊತೆಗೆ ‘ಅಂತರರಾಷ್ಟ್ರೀಯ ಚಾಲನಾ ಪರವಾನಗಿ’ ಎಂಬ ಸಣ್ಣ ಪುಸ್ತಕವೊಂದನ್ನು ಅವರು ಪಡೆಯಬೇಕು. 1949ರಲ್ಲಿ ಜಿನೀವಾ ನಗರದಲ್ಲಿ ಹಲವು ದೇಶಗಳು ಸೇರಿ ರಸ್ತೆ ಸಂಚಾರದ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ಭಾರತವೂ ಅದರಲ್ಲಿ ಸೇರಿದೆ. ಆ ಒಪ್ಪಂದದ ಮೇರೆಗೆ ಕೊಡುವ ಪುಸ್ತಕ ಇದು. ನಿಮಗೆ ಲೈಸೆನ್ಸು ಕೊಟ್ಟಿರುವ ಸಾರಿಗೆ ಕಛೇರಿಯಲ್ಲಿ, ನಮ್ಮ ಮಾಸ್ತರರ ಪಾಲಿಗೆ ಬಂಡಿಗಳ ಮೇಲೆ ಕೆಎ 32 ಎಂದು ಬರೆಸುವ ಕಲಬುರಗಿಯ ಕಛೇರಿಯಲ್ಲಿ, ಅರ್ಜಿ ಹಾಕಬೇಕು. ಅರ್ಜಿಯ ನಮೂನೆಗೆ 4-ಎ ಎಂದು ಹೆಸರು. 2016ರ ಕೊನೆಯಲ್ಲಿ ಕೇಂದ್ರ ಸರ್ಕಾರ ಇದರ ಶುಲ್ಕವನ್ನು 1000 ರೂಪಾಯಿ ಎಂದು ಗೊತ್ತುಮಾಡಿತು. 2022ರಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಪುಸ್ತಕವಿರಬೇಕೆಂದೂ, ಮೂಲ ಲೈಸೆನ್ಸಿಗೆ ಜೋಡಿಸುವ ಚೌಕಗುರುತು ಅದರಲ್ಲಿರಬೇಕೆಂದೂ ನಿಯಮ ಬಂತು.

ಈ ಪುಸ್ತಕದ ಬಗ್ಗೆ ಮೂರು ಮಾತು ನೆನಪಿಡಿ. ಮೊದಲನೆಯದಾಗಿ, ಇದರ ಆಯುಸ್ಸು ಒಂದೇ ವರ್ಷ. ಮೂಲ ಲೈಸೆನ್ಸಿನ ಅವಧಿ ಅದಕ್ಕಿಂತ ಮೊದಲೇ ತೀರಿದರೆ ಇದೂ ಅಂದಿಗೇ ತೀರಿತು. ಎರಡನೆಯದಾಗಿ, ಇದು ಲೈಸೆನ್ಸಿನ ಬದಲಿಗೆ ನಿಲ್ಲುವುದಲ್ಲ. ನಿಮ್ಮ ಲೈಸೆನ್ಸು ಏನು ಹೇಳುತ್ತದೆಯೆಂಬುದನ್ನು ಪರಭಾಷೆಯವರಿಗೆ ತಿಳಿಸುವ ದುಭಾಷಿ ಮಾತ್ರ. ಆದ್ದರಿಂದ ಎರಡೂ ಜೊತೆಯಲ್ಲಿರಬೇಕು. ಮೂಲ ಲೈಸೆನ್ಸನ್ನು ಮನೆಯಲ್ಲಿ ಭದ್ರವಾಗಿ ಇಟ್ಟು ಹೋದವನಿಗೆ ಈ ಪುಸ್ತಕದಿಂದ ಪ್ರಯೋಜನವಿಲ್ಲ. ಮೂರನೆಯದಾಗಿ, ಅಂತರ್ಜಾಲದಲ್ಲಿ ‘ಅಂತರರಾಷ್ಟ್ರೀಯ ಲೈಸೆನ್ಸು’ ಎಂದು ಬಣ್ಣದ ಕಾರ್ಡುಗಳನ್ನು ಮಾರುವವರಿದ್ದಾರೆ. ಅಂಥವನ್ನು ನಂಬಬೇಡಿ. ಪೊಲೀಸರ ಎದುರಿನಲ್ಲಾಗಲಿ ವಿಮೆಯವರ ಎದುರಿನಲ್ಲಾಗಲಿ ಅವುಗಳಿಗೆ ಬೆಲೆಯಿಲ್ಲ.

ಎಲ್ಲ ದೇಶಗಳ ಪದ್ಧತಿ ಒಂದೇ ಅಲ್ಲ. ಬ್ರಿಟನ್ನಿಗೆ ಪ್ರವಾಸ ಹೋದವರು ಭಾರತದ ಲೈಸೆನ್ಸಿನ ಮೇಲೆಯೇ ಹನ್ನೆರಡು ತಿಂಗಳವರೆಗೆ ಕಾರು ನಡೆಸಬಹುದು. ಜಪಾನಿನಲ್ಲಿ ಪ್ರವಾಸಿಗರ ಪುಸ್ತಕ 1949ರ ಒಪ್ಪಂದದ್ದೇ ಆಗಿರಬೇಕು. ಅಮೆರಿಕದಲ್ಲಿ ಒಂದೊಂದು ಸಂಸ್ಥಾನಕ್ಕೆ ಒಂದೊಂದು ನಿಯಮ. ಚೀನಾದಲ್ಲಿ ಈ ಪುಸ್ತಕ ನಡೆಯುವುದೇ ಇಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೋಡಿಹೋಗಲು ಬಂದ ನಮ್ಮ ಮಾಸ್ತರರು ಲೈಸೆನ್ಸು ಮತ್ತು ಈ ಪುಸ್ತಕ ಎರಡನ್ನೂ ತೋರಿಸಿ ಬಾಡಿಗೆ ಕಾರು ನಡೆಸಬಹುದು. ಆದರೆ ಅಲ್ಲಿಯೇ ನೆಲೆಸಲು ಅನುಮತಿ ಪಡೆದಿರುವ ಅಳಿಯನಿಗೆ ಆ ದೇಶದ ಲೈಸೆನ್ಸೇ ಬೇಕು. ಹೊಸದಾಗಿ ಕೆಲಸಕ್ಕೆ ಹೋದ ಮಕ್ಕಳು ‘ಊರಿನ ಪುಸ್ತಕ ಇದೆಯಲ್ಲ’ ಎಂದು ಚಕ್ರ ಹಿಡಿದರೆ, ಅಪಘಾತವಾದಾಗ ವಿಮೆ ಅವರ ಕೈಬಿಡುತ್ತದೆ.

ಎರಡನೆಯ ಕೆಲಸ ಬ್ಯಾಂಕಿನದು. ಬಾಡಿಗೆ ಕಂಪನಿಯವರು ಬಾಡಿಗೆಯ ಹಣವಲ್ಲದೆ ಒಂದು ಠೇವಣಿಯನ್ನೂ ಕೇಳುತ್ತಾರೆ. ಅದನ್ನು ನಗದಾಗಿ ತೆಗೆದುಕೊಳ್ಳುವುದು ಅಪರೂಪ. ನಿಮ್ಮ ಕ್ರೆಡಿಟ್ ಕಾರ್ಡಿನ ಮಿತಿಯೊಳಗೆ ಅಷ್ಟು ಮೊತ್ತವನ್ನು ‘ಇದನ್ನು ಮುಟ್ಟಬೇಡಿ’ ಎಂದು ತಡೆದಿಡುತ್ತಾರೆ. ಹಣ ಹೋಗಿರುವುದಿಲ್ಲ, ಆದರೆ ನಿಮ್ಮ ಉಪಯೋಗಕ್ಕೆ ಇರುವುದೂ ಇಲ್ಲ. ದುಬೈಯಂಥ ಕಡೆಗಳಲ್ಲಿ ಹಿಂದಿನಿಂದ ಬರಬಹುದಾದ ದಂಡಗಳಿಗಾಗಿ ಕಾರು ಹಿಂತಿರುಗಿಸಿದ ಮೇಲೂ ಕೆಲವು ವಾರ ಹಾಗೆಯೇ ಹಿಡಿದಿಡುವುದು ರೂಢಿ. ನಮ್ಮವರಲ್ಲಿ ಅನೇಕರ ಬಳಿ ಇರುವುದು ಡೆಬಿಟ್ ಕಾರ್ಡು. ಅದನ್ನು ಎಷ್ಟೋ ಕಟ್ಟೆಗಳಲ್ಲಿ ಒಪ್ಪುವುದಿಲ್ಲ. ಒಪ್ಪಿದರೂ ಠೇವಣಿಯ ಹಣ ಖಾತೆಯಿಂದಲೇ ಇಳಿಯುತ್ತದೆ. ಕಾರ್ಡು ಮಗನ ಹೆಸರಿನಲ್ಲಿದ್ದು ಕಾರು ನಡೆಸುವವರು ತಂದೆಯಾದರೂ ಒಪ್ಪುವುದಿಲ್ಲ. ಮುಖ್ಯ ಚಾಲಕನ ಹೆಸರಿನ ಕಾರ್ಡೇ ಆಗಬೇಕು. ಮುಂಗಡವಾಗಿ ಬಾಡಿಗೆ ಕಟ್ಟಿದ್ದರೂ ಈ ಒಂದು ಕಾರಣಕ್ಕೆ ಕಾರು ಸಿಗದೆ, ಕಟ್ಟಿದ ಹಣವೂ ಮರಳದೆ ಹೋಗುವುದುಂಟು.

ಇನ್ನೂ ಒಂದು ಸಂಗತಿ. 2020ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಉಪಯೋಗಕ್ಕೆ ಮಾತ್ರ ತೆರೆದಿರುತ್ತವೆ. ವಿದೇಶದಲ್ಲಿ ನಡೆಯಬೇಕಾದರೆ ನೀವೇ ಬ್ಯಾಂಕಿಗೆ ತಿಳಿಸಿ, ಇಲ್ಲವೆ ಫೋನಿನ ಮೂಲಕ, ಆ ಅನುಕೂಲವನ್ನು ತೆರೆಸಿಕೊಳ್ಳಬೇಕು. ಇದನ್ನು ಊರು ಬಿಡುವ ಮುನ್ನ ಮಾಡದೆ, ನಡುರಾತ್ರಿ ಪರದೇಶದ ಕಟ್ಟೆಯ ಮುಂದೆ ನಿಂತು ಬ್ಯಾಂಕಿನ ನಂಬರನ್ನು ಹುಡುಕುವ ಪಾಡು ಯಾರಿಗೂ ಬೇಡ.

ಮೂರನೆಯದು ವಯಸ್ಸು. 21 ವರ್ಷ ತುಂಬದವರಿಗೆ ಬಹಳ ಕಡೆ ಕಾರು ಕೊಡುವುದಿಲ್ಲ. 25ರ ಒಳಗಿನವರಿಂದ ಹೆಚ್ಚು ಹಣ ಕೇಳುವುದು ಸಾಮಾನ್ಯ. ಕೆಲವು ಕಡೆ 70 ಅಥವಾ 75 ದಾಟಿದ ಹಿರಿಯರಿಗೂ ಅಡ್ಡಿಯುಂಟು. ಕಾರು ಗೊತ್ತುಮಾಡುವಾಗಲೇ ಇದನ್ನು ಕೇಳಿ ತಿಳಿದುಕೊಳ್ಳುವುದು ಲೇಸು.

ಹೀಗೆ ಕಾಗದಪತ್ರಗಳನ್ನು ಸಿದ್ಧಮಾಡಿಕೊಂಡು ಮಾಸ್ತರರು ಹೊರಟರು. ಕಲಬುರಗಿಗೆ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಬಂದಿತಾದರೂ, ಹೊರದೇಶದ ವಿಮಾನ ಹಿಡಿಯಬೇಕಾದವರು ಹೈದರಾಬಾದಿನ ಶಂಷಾಬಾದಿಗೋ ಬೆಂಗಳೂರಿನ ದೇವನಹಳ್ಳಿಗೋ ಹೋಗಬೇಕು. ನೆಲೋಗಿಯಿಂದ ಜೇವರ್ಗಿ, ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಸುಮಾರು 220 ಕಿಲೋಮೀಟರು ಹೈದರಾಬಾದು, ಅಲ್ಲಿ ಮೂರು ಗಂಟೆ ಕಾಯುವುದು, ಮತ್ತೆ ಸುಮಾರು ನಾಲ್ಕು ಗಂಟೆಯ ವಿಮಾನಯಾನ. ದುಬೈನಲ್ಲಿ ಇಳಿದಾಗ ಅವರು ಸರಿಯಾಗಿ ಮಲಗಿ ಒಂದು ದಿನ ಕಳೆದಿರುತ್ತದೆ. ಕಟ್ಟೆಯ ಹಿಂದೆ ಕುಳಿತ ಗುಮಾಸ್ತ ನಗುನಗುತ್ತಾ ಒಂದು ಉದ್ದನೆಯ ಕಾಗದವನ್ನು ಮುಂದಿಟ್ಟು ‘ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ರುಜು ಹಾಕಿ’ ಎನ್ನುತ್ತಾನೆ. ಹಿಂದೆ ಸರತಿಯಲ್ಲಿ ಹತ್ತು ಜನ ನಿಂತಿದ್ದಾರೆ. ಇದೇ ನೋಡಿ, ಎತ್ತಿನ ಕಾಲು ನೋಡಿಕೊಳ್ಳಬೇಕಾದ ಗಳಿಗೆ.

ಆ ಕಾಗದದಲ್ಲಿ ಮುಖ್ಯವಾದದ್ದು ವಿಮೆಯ ಭಾಗ. ಅದನ್ನು ಎರಡಾಗಿ ಒಡೆದು ನೋಡಿದರೆ ಗೊಂದಲವಿಲ್ಲ. ನಿಮ್ಮ ಕಾರಿನಿಂದ ಪರರಿಗೆ, ಅವರ ದೇಹಕ್ಕೆ, ಅವರ ವಾಹನಕ್ಕೆ ಆಗುವ ಹಾನಿ ಒಂದು. ನೀವು ಹಿಡಿದ ಕಾರಿಗೇ ಆಗುವ ಹಾನಿ ಇನ್ನೊಂದು. ಮೊದಲನೆಯದಕ್ಕೆ ವಿಮೆ ಇರಲೇಬೇಕೆಂಬುದು ಬಹುತೇಕ ದೇಶಗಳ ಕಾನೂನು. ಆದರೆ ಅಮೆರಿಕದಂಥ ಕಡೆ ಬಾಡಿಗೆಯೊಳಗೆ ಸೇರಿರುವುದು ಕನಿಷ್ಠ ಮೊತ್ತದ ವಿಮೆ ಮಾತ್ರ ಆಗಿರಬಹುದು. ಅಲ್ಲಿನ ಆಸ್ಪತ್ರೆಯ ಖರ್ಚಿಗೆ ಅದು ಸಾಲದು. ಹೆಚ್ಚಿನ ವಿಮೆಯನ್ನು ಕೇಳಿ ಪಡೆಯುವುದು ಬುದ್ಧಿವಂತಿಕೆ.

ಎರಡನೆಯದಕ್ಕೆ ‘ಕೊಲಿಶನ್ ಡ್ಯಾಮೇಜ್ ವೇವರ್’ ಎಂದು ಹೆಸರು, ಕಾಗದದಲ್ಲಿ ಸಿ.ಡಿ.ಡಬ್ಲ್ಯು. ಎಂದು ಮೂರಕ್ಷರದಲ್ಲಿ ಇರುತ್ತದೆ. ಹೆಸರು ದೊಡ್ಡದು, ಅರ್ಥ ಸರಳ: ಕಾರಿಗೆ ಪೆಟ್ಟಾದರೆ ಒಂದು ಮಿತಿಗಿಂತ ಹೆಚ್ಚಿನ ಹಣವನ್ನು ನಾವು ನಿಮ್ಮಿಂದ ಕೇಳುವುದಿಲ್ಲ ಎಂದು ಕಂಪನಿ ಕೊಡುವ ಮಾತು. ಆ ಮಿತಿಗೆ ‘ಎಕ್ಸೆಸ್’ ಎನ್ನುತ್ತಾರೆ. ಉದಾಹರಣೆಗೆ, ಎಕ್ಸೆಸ್ 1500 ದಿರ್ಹಂ ಎಂದಿದೆಯೆನ್ನಿ. ಬಾಗಿಲು ಉಜ್ಜಿ 600 ದಿರ್ಹಂ ಹಾನಿಯಾದರೆ ಪೂರಾ 600ನ್ನೂ ನೀವೇ ಕೊಡಬೇಕು. ಮುಂಭಾಗ ಜಜ್ಜಿ 9000 ದಿರ್ಹಂ ಆದರೆ ನೀವು ಕೊಡುವುದು 1500. ಉಳಿದ 7500 ಕಂಪನಿಯ ಪಾಲು. ಅಂದರೆ ಸಣ್ಣ ಗೀರುಗಳೆಲ್ಲ ನಿಮ್ಮ ಲೆಕ್ಕಕ್ಕೇ ಬಂತು. ‘ವಿಮೆ ಇದೆಯಲ್ಲ, ನಮಗೇನು’ ಎಂದು ನಿಶ್ಚಿಂತರಾದವರು ಎಡವುವುದು ಇಲ್ಲಿಯೇ. ಪ್ರತಿದಿನಕ್ಕೆ ಇಷ್ಟು ಎಂದು ಹೆಚ್ಚು ಕೊಟ್ಟರೆ ಈ ಎಕ್ಸೆಸ್ಸನ್ನು ಇಳಿಸುತ್ತಾರೆ, ಇಲ್ಲವೆ ಪೂರ್ತಿ ತೆಗೆಯುತ್ತಾರೆ. ಅದು ಬೇಕೇ ಬೇಡವೇ ಎಂಬುದು ನಿಮ್ಮ ಧೈರ್ಯಕ್ಕೂ ಜೇಬಿಗೂ ಬಿಟ್ಟದ್ದು. ಹೊಸ ಊರು, ಹೊಸ ಪದ್ಧತಿಯ ರಸ್ತೆ, ಮೊದಲ ಸಲ ಎನ್ನುವವರು ತೆಗೆದುಕೊಂಡರೆ ನಷ್ಟವಿಲ್ಲ.

ಆ ಮಾತಿಗೂ ಒಳಪಡದ ಹಾನಿಗಳು ಕೆಲವುಂಟು. ಚಕ್ರ, ಗಾಜು, ಕಾರಿನ ತಳ, ಕಳೆದ ಕೀಲಿಕೈ, ತಪ್ಪು ಇಂಧನ ಹಾಕಿ ಕೆಟ್ಟ ಎಂಜಿನ್ನು ಇವುಗಳನ್ನು ಬಹಳ ಕರಾರುಗಳಲ್ಲಿ ಹೊರಗಿಟ್ಟಿರುತ್ತಾರೆ. ರಸ್ತೆ ಬಿಟ್ಟು ಮರಳಿನಲ್ಲಿ ಓಡಿಸಿದರೆ, ಕರಾರಿನಲ್ಲಿ ಹೆಸರಿಲ್ಲದವರು ಚಕ್ರ ಹಿಡಿದರೆ, ಕುಡಿದು ನಡೆಸಿದರೆ, ವಿಮೆಯೆಂಬುದೇ ಇಲ್ಲವಾಗುತ್ತದೆ. ‘ಸ್ವಲ್ಪ ಹೊತ್ತು ನೀನು ಹೊಡಿ’ ಎಂದು ಅಳಿಯನಿಗೆ ಕೀಲಿಕೈ ಕೊಡುವ ಮುನ್ನ ಅವನ ಹೆಸರನ್ನೂ ಕರಾರಿನಲ್ಲಿ ಬರೆಸಿರಬೇಕು. ಗಡಿ ದಾಟಿ ಒಮಾನ್ ದೇಶಕ್ಕೆ ಹೋಗುವ ಯೋಚನೆಯಿದ್ದರೆ ಕಂಪನಿಯ ಒಪ್ಪಿಗೆಯ ಕಾಗದವೂ ಬೇರೆ ವಿಮೆಯೂ ಬೇಕು.

ಗುಮಾಸ್ತ ಹೇಳುವುದಕ್ಕೂ ಕಾಗದದಲ್ಲಿ ಇರುವುದಕ್ಕೂ ವ್ಯತ್ಯಾಸ ಬಂದರೆ ನಿಲ್ಲುವುದು ಕಾಗದವೇ. ಆದ್ದರಿಂದ ನಾಲ್ಕು ಪ್ರಶ್ನೆಗಳನ್ನು ಸಂಕೋಚಪಡದೆ ಕೇಳಿ, ಉತ್ತರ ಕಾಗದದಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಹೇಳಿ. ಎಕ್ಸೆಸ್ ಎಷ್ಟು? ಠೇವಣಿ ಎಷ್ಟು, ಎಂದು ಬಿಡುತ್ತೀರಿ? ದಿನಕ್ಕೆ ಎಷ್ಟು ಕಿಲೋಮೀಟರು ಓಡಿಸಬಹುದು? ಇಂಧನ ಹೇಗೆ ತುಂಬಿಸಿ ಕೊಡಬೇಕು? ಹಿಂದಿನ ಸರತಿಯವರು ಐದು ನಿಮಿಷ ಕಾಯಲಿ. ರುಜು ನಿಮ್ಮದು, ಅವರದಲ್ಲ. ಹಣ ಕಟ್ಟುವಾಗ ‘ರೂಪಾಯಿಯಲ್ಲಿ ಕಟ್ಟುವಿರಾ, ದಿರ್ಹಮ್ಮಿನಲ್ಲೋ?’ ಎಂದು ಯಂತ್ರ ಕೇಳಿದರೆ ಆ ದೇಶದ ನಾಣ್ಯವನ್ನೇ ಒತ್ತಿ; ರೂಪಾಯಿ ಎಂದರೆ ವಿನಿಮಯದ ದರದಲ್ಲಿ ಸಾಮಾನ್ಯವಾಗಿ ನಿಮಗೇ ನಷ್ಟ.

ಬಾಡಿಗೆಯ ದಿನವೆಂದರೆ 24 ಗಂಟೆ. ಬೆಳಿಗ್ಗೆ ಹತ್ತಕ್ಕೆ ತೆಗೆದುಕೊಂಡ ಕಾರನ್ನು ಕೊನೆಯ ದಿನ ಮಧ್ಯಾಹ್ನ ಒಂದಕ್ಕೆ ಕೊಟ್ಟರೆ ಇನ್ನೊಂದು ದಿನದ ಬಾಡಿಗೆ ಬೀಳಬಹುದು. ವಿಮಾನ ನಿಲ್ದಾಣದ ಕಟ್ಟೆಗಳು ನಿಲ್ದಾಣಕ್ಕೂ ಶುಲ್ಕ ಕಟ್ಟುವುದರಿಂದ ಅಲ್ಲಿ ದರ ಹೆಚ್ಚಿರುವುದೂ ಉಂಟು. ಅದೇ ಕಂಪನಿಯ ಊರೊಳಗಿನ ಅಂಗಡಿಯ ದರವನ್ನು ವಿಚಾರಿಸಿ ನೋಡುವುದು ಒಳ್ಳೆಯದು.

ಇನ್ನು ಕಾರಿನ ಬಳಿಗೆ ಬಂದಿರಿ. ಕೀಲಿಕೈಯನ್ನು ತಿರುಗಿಸುವ ಮುನ್ನ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ನಾಲ್ಕು ಮಗ್ಗುಲು, ನಾಲ್ಕು ಚಕ್ರ, ಮುಂದಿನ ಗಾಜು, ಛಾವಣಿ, ಒಳಗಿನ ಆಸನ ಇವೆಲ್ಲದರ ಚಿತ್ರಗಳನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಎಷ್ಟು ಕಿಲೋಮೀಟರು ಓಡಿದೆ, ಇಂಧನ ಎಷ್ಟಿದೆ ಎಂದು ತೋರಿಸುವ ಮುಳ್ಳುಗಳ ಚಿತ್ರವೂ ಇರಲಿ. ನೆಲಮಾಳಿಗೆಯ ಮಬ್ಬು ಬೆಳಕಿನಲ್ಲಿ ಕಾಣದಿದ್ದರೆ ಕಾರನ್ನು ಬೆಳಕಿಗೆ ತರಿಸಿ ನೋಡಿ. ಕಂಡ ಗೀರುಗಳೆಲ್ಲ ಅವರ ಹಾಳೆಯಲ್ಲಿ ಗುರುತಾಗಿವೆಯೋ ನೋಡಿ, ಇಲ್ಲದಿದ್ದರೆ ಬರೆಸಿ, ಅವರ ರುಜು ಹಾಕಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗಬಾರದು. ಜಾಕು, ಬದಲಿ ಚಕ್ರ ಎಲ್ಲಿವೆ, ದೀಪಗಳ ಗುಂಡಿ ಯಾವುದು, ಇಂಧನದ ಮುಚ್ಚಳ ತೆರೆಯುವುದು ಹೇಗೆ ಎಂಬುದನ್ನೂ ಆಗಲೇ ಕೇಳಿಬಿಡಿ.

ಮೊಮ್ಮಗ ಜೊತೆಯಲ್ಲಿ ಬರುವುದಾದರೆ ಮಗುವಿನ ಆಸನವನ್ನು ಮೊದಲೇ ಹೇಳಿ ಇರಿಸಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರಿಂದ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಕಡ್ಡಾಯವಾಗಿದೆ; ಹಿಂದೆ ಕುಳಿತವರೂ ಸೇರಿ ಎಲ್ಲರೂ ಪಟ್ಟಿ ಕಟ್ಟಿಕೊಳ್ಳಬೇಕು. ಅಜ್ಜಿಯ ತೊಡೆಗಿಂತ ಭದ್ರವಾದ ಜಾಗವಿಲ್ಲವೆಂಬುದು ನಮ್ಮ ಮನೆಗಳ ನಂಬಿಕೆ. ಓಡುವ ಕಾರು ತಟ್ಟನೆ ನಿಂತಾಗ ಯಾವ ಅಜ್ಜಿಯ ತೋಳಿಗೂ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಇದು ದಂಡದ ಮಾತಲ್ಲ, ಮಗುವಿನ ಜೀವದ ಮಾತು.

ಈಗ ಎಲ್ಲಕ್ಕಿಂತ ದೊಡ್ಡ ಮಾತಿಗೆ ಬರುತ್ತೇನೆ. ರಾತ್ರಿ ಪ್ರಯಾಣ ಮಾಡಿ ಇಳಿದವರು ಆಗಲೇ ಚಕ್ರ ಹಿಡಿಯಬಾರದು. ದೂರದ ಉದಾಹರಣೆ ಬೇಡ. 2025ರ ಏಪ್ರಿಲ್ 5ರ ನಸುಕಿನಲ್ಲಿ ನೆಲೋಗಿ ಕ್ರಾಸಿನ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ವ್ಯಾನೊಂದು ಬಡಿದು, ಬಾಗಲಕೋಟೆಯ ಕಡೆಯಿಂದ ಕಲಬುರಗಿಗೆ ಹೊರಟಿದ್ದ ಐದು ಮಂದಿ ತೀರಿಕೊಂಡರು. ಹೊತ್ತು ಮೂಡುವ ಮುಂಚಿನ ಆ ಗಳಿಗೆ ಎಂಥ ಅನುಭವಿಗೂ ಕಷ್ಟದ್ದು. ಕಣ್ಣು ತೆರೆದಿದ್ದರೂ ಬುದ್ಧಿ ಮಲಗಿರುತ್ತದೆ. ಎದುರಿಗೆ ಕಂಡದ್ದು ನಿಂತಿದೆಯೋ ಓಡುತ್ತಿದೆಯೋ ಎಂಬುದು ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಗೊತ್ತಿರುವ ರಸ್ತೆಯಲ್ಲೇ ಹೀಗಾದರೆ, ಗೊತ್ತಿಲ್ಲದ ದೇಶದಲ್ಲಿ, ಎದುರುಬದುರಾದ ಪದ್ಧತಿಯಲ್ಲಿ, ನಿದ್ದೆಗೆಟ್ಟು ನಡೆಸುವವರ ಗತಿಯೇನು? ನಮ್ಮ ಮಾಸ್ತರರ ಮಗಳು ಫೋನಿನಲ್ಲಿ ಹೇಳಿದ ಮಾತೇ ಸರಿ: ‘ಅಪ್ಪಾ, ರಾತ್ರಿ ಇಳಿದ ಕೂಡಲೆ ಗಾಡಿ ಹಿಡೀಬ್ಯಾಡ್ರಿ. ಟ್ಯಾಕ್ಸಿ ಮಾಡಿಕೊಂಡು ಮನೀಗೆ ಬರ್ರಿ. ಉಂಡು ಮಲಗಿ, ನಾಳೆ ನಾಡಿದ್ದು ತಗೊಂಡರಾಯಿತು.’ ಬಾಡಿಗೆಯನ್ನು ಒಂದು ದಿನ ತಡವಾಗಿ ಆರಂಭಿಸಿದರೆ ಉಳಿಯುವುದು ಹಣ ಮಾತ್ರವಲ್ಲ.

ನಾವು ರಸ್ತೆಯ ಎಡಗಡೆ ನಡೆಸುವವರು. ಬ್ರಿಟನ್, ಜಪಾನ್, ಆಸ್ಟ್ರೇಲಿಯ, ಸಿಂಗಪುರಗಳಲ್ಲೂ ಹಾಗೆಯೇ. ಅರಬ್ ದೇಶಗಳು, ಅಮೆರಿಕ, ಜರ್ಮನಿ, ಫ್ರಾನ್ಸುಗಳಲ್ಲಿ ಬಲಗಡೆ. ಅಭ್ಯಾಸವೆಂಬುದು ಎಷ್ಟು ಗಟ್ಟಿಯೆಂದರೆ, ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾದಾಗ ಅದಕ್ಕಾಗಿ ಭಾರಿ ಪ್ರಚಾರ ನಡೆಸಿ ಜನರನ್ನು ಸಿದ್ಧಪಡಿಸಬೇಕಾಯಿತು. ಬಲಗಡೆಯ ದೇಶದಲ್ಲಿ ಒಂದೇ ಸೂತ್ರ ನೆನಪಿಡಿ: ಚಕ್ರ ಹಿಡಿದವನು ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗೇ ಇರಬೇಕು. ತಪ್ಪು ಆಗುವುದು ಸಾಮಾನ್ಯವಾಗಿ ದಟ್ಟಣೆಯಲ್ಲಿ ಅಲ್ಲ; ಅಲ್ಲಿ ಮುಂದಿನ ಕಾರನ್ನು ಹಿಂಬಾಲಿಸಿದರೆ ಆಯಿತು. ಪೆಟ್ರೋಲು ಹಾಕಿಸಿಕೊಂಡು ಹೊರಗೆ ಬರುವಾಗ, ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವಾಗ, ಎಡಕ್ಕೆ ತಿರುಗುವಾಗ ಹಳೆಯ ಅಭ್ಯಾಸ ಕೈಯನ್ನು ಎಳೆಯುತ್ತದೆ. ವೃತ್ತಗಳಲ್ಲಿ ವಾಹನಗಳು ನಮ್ಮಲ್ಲಿಯ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತವೆ. ಒಳಗಿರುವವರಿಗೆ ದಾರಿ ಬಿಡಬೇಕು, ಅವರು ಬರುವುದು ನಿಮ್ಮ ಎಡದಿಂದ. ಹೊಸದರಲ್ಲಿ ಪಕ್ಕದಲ್ಲಿ ಕುಳಿತ ಮನೆಯಾಕೆಗೆ ಒಂದು ಕೆಲಸ ಕೊಡಿ. ಪ್ರತಿ ತಿರುವಿನಲ್ಲೂ ‘ಬಲಗಡೆ’ ಎಂದು ಒಮ್ಮೆ ಹೇಳಲಿ. ನಗು ಬಂದರೂ ಚಿಂತೆಯಿಲ್ಲ. ನಡೆದು ರಸ್ತೆ ದಾಟುವವರೂ ಮೊದಲು ಎಡಕ್ಕೆ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಇಂಧನದ ಮಾತು ಚಿಕ್ಕದಾದರೂ ಎಂಜಿನ್ನನ್ನೇ ಕೆಡಿಸಬಲ್ಲದು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹಸಿರು ಕೊಳವೆ ಪೆಟ್ರೋಲಿನದು, ಕಪ್ಪು ಡೀಸೆಲಿನದು. ಅಮೆರಿಕದಲ್ಲಿ ಹಸಿರು ಹಿಡಿ ಬಹಳ ಕಡೆ ಡೀಸೆಲಿನದು. ಅಲ್ಲಿ ‘ಗ್ಯಾಸ್’ ಎಂದರೆ ನಮ್ಮ ಪೆಟ್ರೋಲು. ಸ್ಪೇನಿನಲ್ಲಿ ‘ಗಸೋಲಿನಾ’ ಪೆಟ್ರೋಲು, ‘ಗಸೋಲಿಯೊ’ ಡೀಸೆಲು. ಬಣ್ಣವನ್ನು ನಂಬದೆ, ಮುಚ್ಚಳದ ಒಳಗೆ ಬರೆದಿರುವುದನ್ನು ಓದಿ ಹಾಕಿಸಿ. ಯುರೋಪಿನಲ್ಲಿ ಗೇರು ಹಾಕುವ ಕಾರುಗಳು ಹೆಚ್ಚು; ಅಮೆರಿಕ, ಅರಬ್ ದೇಶಗಳಲ್ಲಿ ತಾನೇ ಗೇರು ಬದಲಿಸುವವು. ಎಡಗಡೆ ಕುಳಿತು ಬಲಗೈಯಲ್ಲಿ ಗೇರು ಹಾಕುವ ಹೊಸ ಕಷ್ಟ ಬೇಡವೆನ್ನುವವರು ಎರಡನೆಯ ಬಗೆಯನ್ನೇ ಕೇಳಿ ಪಡೆಯುವುದು ಸುಖ.

ಸುಂಕ ಮತ್ತು ದಂಡಗಳು ಕಣ್ಣಿಗೆ ಕಾಣದ ಖರ್ಚು. ದುಬೈನಲ್ಲಿ 2007ರಿಂದ ‘ಸಾಲಿಕ್’ ಎಂಬ ಏರ್ಪಾಡಿದೆ. ದ್ವಾರದಡಿ ಕಾರು ಹಾದುಹೋಗುವಾಗಲೇ ಗಾಜಿಗೆ ಅಂಟಿಸಿದ ಚೀಟಿಯಿಂದ ಸುಂಕ ಕಡಿತವಾಗುತ್ತದೆ. ನಿಲ್ಲುವುದಿಲ್ಲ, ಕಟ್ಟುವುದಿಲ್ಲ, ರಸೀದಿಯಿಲ್ಲ. ಬಾಡಿಗೆ ಕಂಪನಿ ಅದನ್ನು ಲೆಕ್ಕಕ್ಕೆ ಸೇರಿಸುತ್ತದೆ, ಕೆಲವರು ತಮ್ಮ ಸೇವಾ ಶುಲ್ಕವನ್ನೂ ಕೂಡಿಸುತ್ತಾರೆ. ಇಟಲಿಯ ಹಳೆಯ ಪಟ್ಟಣಗಳಲ್ಲಿ ಹೊರಗಿನ ವಾಹನ ಒಳಗೆ ಬರಬಾರದೆಂಬ ಬಡಾವಣೆಗಳಿವೆ. ಲಂಡನ್ನಿನ ನಡುಭಾಗಕ್ಕೆ 2003ರಿಂದ ದಟ್ಟಣೆಯ ಶುಲ್ಕವಿದೆ. ಇವನ್ನೆಲ್ಲ ಕಾಯುವುದು ಪೊಲೀಸನಲ್ಲ, ಕ್ಯಾಮರಾ. ‘ಯಾರೂ ನಿಲ್ಲಿಸಲಿಲ್ಲ’ ಎಂದು ಸಮಾಧಾನಪಟ್ಟುಕೊಂಡು ಊರಿಗೆ ಬಂದ ಮೇಲೆ, ತಿಂಗಳ ನಂತರ ಕಾರ್ಡಿನ ಲೆಕ್ಕದಲ್ಲಿ ದಂಡ ಕಾಣಿಸಿಕೊಳ್ಳುತ್ತದೆ.

ದೇವರು ದೊಡ್ಡವನು, ಆದರೂ ಅಪಘಾತವಾದರೆ ಏನು ಮಾಡಬೇಕೆಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮಲ್ಲಿಯಂತೆ ರಸ್ತೆಯ ಬದಿಯಲ್ಲಿ ನಿಂತು ‘ನೀನಿಷ್ಟು ಕೊಡು, ನಾನಿಷ್ಟು ಬಿಡುತ್ತೇನೆ’ ಎಂದು ಬಗೆಹರಿಸಿಕೊಳ್ಳಬಾರದು. ದುಬೈನಲ್ಲಿ ಪೊಲೀಸರ ವರದಿಯಿಲ್ಲದೆ ಯಾವ ಕಾರ್ಖಾನೆಯವರೂ ಜಜ್ಜಿದ ಕಾರನ್ನು ರಿಪೇರಿ ಮಾಡುವಂತಿಲ್ಲ, ವಿಮೆಯೂ ನಡೆಯುವುದಿಲ್ಲ. ಗೀರು ಎಷ್ಟೇ ಚಿಕ್ಕದಾಗಲಿ ವರದಿ ಪಡೆಯಲೇಬೇಕು. ಅಲ್ಲಿ ಪೊಲೀಸರ ನಂಬರು 999, ಅಮೆರಿಕದಲ್ಲಿ 911, ಯುರೋಪಿನಲ್ಲಿ ನಮ್ಮಲ್ಲಿಯಂತೆಯೇ 112. ಗಾಯಗೊಂಡವರನ್ನು ಮೊದಲು ನೋಡಿ, ಪೊಲೀಸರಿಗೆ ತಿಳಿಸಿ, ಚಿತ್ರ ತೆಗೆದುಕೊಂಡು, ಆಮೇಲೆ ಬಾಡಿಗೆ ಕಂಪನಿಗೆ ಫೋನು ಮಾಡಿ. ಓದಲು ಬಾರದ ಭಾಷೆಯ ಕಾಗದಕ್ಕೆ ಅರ್ಥ ಕೇಳದೆ ರುಜು ಹಾಕಬೇಡಿ.

ಕಾರು ಹಿಂತಿರುಗಿಸುವ ದಿನ ವಿಮಾನದ ಅವಸರವಿರುತ್ತದೆ. ಅದಕ್ಕೆಂದೇ ಒಂದು ಗಂಟೆ ಮೊದಲೇ ಹೋಗಿ. ನಿಲ್ದಾಣದ ಹತ್ತಿರ ಇಂಧನ ತುಂಬಿಸಿ ಚೀಟಿಯನ್ನು ಇಟ್ಟುಕೊಳ್ಳಿ. ಮತ್ತೆ ಒಂದು ಪ್ರದಕ್ಷಿಣೆ, ಮತ್ತೆ ಚಿತ್ರಗಳು. ಅವರ ಮನುಷ್ಯ ನೋಡಿ ‘ಸರಿಯಾಗಿದೆ’ ಎಂದು ಬರೆದುಕೊಟ್ಟ ಚೀಟಿ ಸಿಕ್ಕ ಮೇಲೆಯೇ ಕೀಲಿಕೈ ಕೊಡಿ. ಯಾರೂ ಇಲ್ಲದ ವೇಳೆಯಲ್ಲಿ ಕೀಲಿಕೈಯನ್ನು ಪೆಟ್ಟಿಗೆಯೊಳಗೆ ಹಾಕಿ ಬರಬೇಕಾದರೆ, ನಿಲ್ಲಿಸಿದ ಜಾಗ ಕಾಣುವಂತೆ ಚಿತ್ರ ತೆಗೆಯುವುದನ್ನು ಮರೆಯಬೇಡಿ. ಈ ಕಾಗದಗಳನ್ನೂ ಚಿತ್ರಗಳನ್ನೂ ಠೇವಣಿ ಬಿಡುಗಡೆಯಾಗುವವರೆಗೆ, ಅದಾದ ಮೇಲೂ ನಾಲ್ಕಾರು ತಿಂಗಳು, ಜೋಪಾನವಾಗಿ ಇಡಿ.

ಇಷ್ಟೆಲ್ಲ ಕೇಳಿದ ಮೇಲೆ ‘ಇದರ ಗೊಡವೆಯೇ ಬೇಡ, ಟ್ಯಾಕ್ಸಿಯೇ ಲೇಸು’ ಎಂದು ಕೆಲವರಿಗೆ ಅನ್ನಿಸಬಹುದು. ಹಾಗೆ ಅನ್ನಿಸಿದರೆ ಅದೂ ಒಳ್ಳೆಯ ತೀರ್ಮಾನವೇ. ಮೆಟ್ರೋ ರೈಲು, ಬಸ್ಸುಗಳಿರುವ ದೊಡ್ಡ ನಗರದಲ್ಲಿ ಎರಡು ಮೂರು ದಿನದ ಮಟ್ಟಿಗೆ ಕಾರು ಹಿಡಿದು, ನಿಲ್ಲಿಸಲು ಜಾಗ ಹುಡುಕುತ್ತಾ ತಿರುಗುವುದರಲ್ಲಿ ಅರ್ಥವಿಲ್ಲ. ಊರಾಚೆಯ ಸ್ಥಳಗಳು, ಮಕ್ಕಳು ಮುದುಕರು ಕೂಡಿದ ಸಂಸಾರ, ನಾಲ್ಕಾರು ದಿನದ ಬಿಡುವು ಇದ್ದರೆ ಬಾಡಿಗೆ ಕಾರಿನಷ್ಟು ಅನುಕೂಲ ಬೇರಿಲ್ಲ. ಎರಡನ್ನೂ ತೂಗಿ ನೋಡಿ.

ನಮ್ಮ ಮಾಸ್ತರರು ಮಗಳ ಮಾತು ಕೇಳಿದರು. ಎರಡು ದಿನ ವಿಶ್ರಾಂತಿ ಪಡೆದು, ಊರೊಳಗಿನ ಅಂಗಡಿಯಲ್ಲಿ, ಹಗಲು ಹೊತ್ತಿನಲ್ಲಿ, ಕಾಗದವನ್ನು ಸಾವಕಾಶವಾಗಿ ಓದಿ ಕಾರು ಹಿಡಿದರು. ಎಡಬಾಗಿಲಿನ ಕೆಳಗಿದ್ದ ಬೆರಳುದ್ದದ ಗೀರನ್ನು ಹಾಳೆಯಲ್ಲಿ ಬರೆಸಿದರು. ವಾರದ ನಂತರ ಕಾರು ಕೊಡುವಾಗ ಪರೀಕ್ಷಿಸಲು ಬಂದವನ ಕಣ್ಣು ಅದೇ ಗೀರಿನ ಮೇಲೆ ಬಿತ್ತು. ಮಾಸ್ತರರು ಏನೂ ಮಾತಾಡದೆ ಹಾಳೆಯನ್ನು ಮುಂದೆ ಹಿಡಿದರು. ಅವನು ನೋಡಿ ತಲೆಯಾಡಿಸಿ ಚೀಟಿ ಬರೆದುಕೊಟ್ಟ. ಅವರು ನೆಲೋಗಿಗೆ ಮರಳಿದ ಮೂರನೆಯ ವಾರ, ತಡೆದಿಟ್ಟ ಠೇವಣಿ ಪೂರ್ತಿ ಬಿಡುಗಡೆಯಾಯಿತೆಂದು ಬ್ಯಾಂಕಿನಿಂದ ಸಂದೇಶ ಬಂತು.

ಇದು ಕಲ್ಪಿಸಿಕೊಂಡ ಸಂಸಾರದ ಕಥೆ. ನಿಮ್ಮ ಮನೆಯಿಂದ ಯಾರಾದರೂ ಹೊರದೇಶಕ್ಕೆ ಹೊರಟಾಗ ಇದು ನಿಜವಾಗಲಿ. ಲೈಸೆನ್ಸು, ಪರವಾನಗಿಯ ಪುಸ್ತಕ, ಕಾರ್ಡು ಮೂರನ್ನೂ ಇಂದೇ ಒಮ್ಮೆ ತೆಗೆದು ಅವಧಿಯ ತಾರೀಖು ನೋಡಿಡಿ.